ಚೆನ್ನಾಗಿರುವ ಇಂಜಿನ್‌ಗೆ ಫ್ಲಶ್ ಬೇಕೇ?

ಪ್ರಶ್ನೆ: ನಮ್ಮದು 2009ರ ಆಲ್ಟೊ. ಹೊಸದಾಗಿ ಕೊಂಡವನೂ ಓಡಿಸುವವನೂ ನಾನೇ. ವರ್ಷಕ್ಕೊಮ್ಮೆ ಲಾಂಚಿನಲ್ಲಿ ಹಿನ್ನೀರು ದಾಟಿಸಿ ಸಾಗರಕ್ಕೆ ಒಯ್ದು ತಪ್ಪದೆ ಸರ್ವಿಸ್ ಮಾಡಿಸಿದ್ದೇನೆ, ಬಿಲ್ಲುಗಳೆಲ್ಲ ಇವೆ. ಈ ಸಲ ಗ್ಯಾರೇಜಿನವರು “ಹಳೆ ಗಾಡಿ, ಒಳಗೆಲ್ಲ ಕಾರ್ಬನ್ ಕಟ್ಟಿರುತ್ತದೆ, ಇಂಜಿನ್ ಫ್ಲಶ್, ಡಿಕಾರ್ಬನೈಸಿಂಗ್ ಎರಡೂ ಮಾಡಿಸಿಬಿಡಿ” ಎಂದರು. ಬೆಂಗಳೂರಿನಲ್ಲಿರುವ ಮಗನೂ ಅದನ್ನೇ ಹೇಳುತ್ತಾನೆ. ಗಾಡಿ ಹೊಗೆ ಬಿಡುವುದಿಲ್ಲ, ಆಯಿಲ್ ಕುಡಿಯುವುದಿಲ್ಲ. ಮಾಡಿಸದಿದ್ದರೆ ಇಂಜಿನ್ ಕೆಟ್ಟೀತೇ?
– ಓದುಗರು, ಬ್ಯಾಕೋಡು

ಉತ್ತರ: ಕೆಡುವುದಿಲ್ಲ. ನೀವು ಬರೆದಿರುವುದನ್ನು ನೋಡಿದರೆ ಎರಡೂ ಬೇಡ.

ಪ್ರತಿ ವರ್ಷ ನೀವು ಹಾಕಿಸುವ ಆಯಿಲ್‌ನಲ್ಲೇ ಕೊಳೆ ಬಿಡಿಸುವ, ಬಿಟ್ಟ ಕೊಳೆ ತಳದಲ್ಲಿ ಕೂರದಂತೆ ತೇಲಿಸಿ ಹಿಡಿಯುವ ರಾಸಾಯನಿಕಗಳಿರುತ್ತವೆ. ಹಳೆ ಆಯಿಲ್ ಕಪ್ಪಾಗಿ ಇಳಿಯುವುದು ಅದಕ್ಕೇ. ಅದನ್ನು ತೋರಿಸಿ ಯಾರಾದರೂ ಹೆದರಿಸಿದರೆ ಹೆದರಬೇಡಿ.

ಇಂಜಿನ್ ಒಳಗಿನ ಸ್ಥಿತಿಯನ್ನು ನೀವೇ ನೋಡಬಹುದು. ಬೆಳಿಗ್ಗೆ ಗಾಡಿ ತಣ್ಣಗಿರುವಾಗ ಆಯಿಲ್ ತುಂಬಿಸುವ ಮುಚ್ಚಳ ಬಿಚ್ಚಿ, ಅದರ ಒಳಭಾಗವನ್ನು ಬೆರಳಿನಿಂದ ಒರೆಸಿ, ತೂತಿನೊಳಗೆ ಟಾರ್ಚ್ ಬಿಡಿ. ಲೋಹ ಕಾಣುತ್ತಿದ್ದು, ಮೇಲೆ ಕಂದು ಬಣ್ಣದ ತೆಳುಪದರ ಇದ್ದರೆ ಅದು ವಯಸ್ಸಿಗೆ ಸಹಜ. ಜೋನಿಬೆಲ್ಲದ ಹಾಗೆ ಕಪ್ಪಗೆ, ದಪ್ಪಗೆ ಬೆರಳಿಗೆ ಅಂಟಿದರೆ ಮಾತ್ರ ಚಿಂತೆ. ನಿಮ್ಮ ಕಡೆ ಮಳೆಗಾಲದಲ್ಲಿ ಮುಚ್ಚಳದ ಕೆಳಗೆ ಹಾಲಿನ ಕೆನೆಯಂಥದ್ದೂ ಕಾಣಬಹುದು. ಮನೆಯಿಂದ ತುಮರಿಯವರೆಗೆ ಹೋಗಿ ಬಂದು ನಿಲ್ಲಿಸುವ ಗಾಡಿಯಲ್ಲಿ ಇಂಜಿನ್ ಪೂರ್ತಿ ಕಾಯುವುದಿಲ್ಲ, ಒಳಗಿನ ನೀರಿನಂಶ ಆವಿಯಾಗುವುದಿಲ್ಲ. ದೂರದ ಓಡಾಟವಾದರೆ ಅದು ತಾನಾಗಿ ಹೋಗುತ್ತದೆ. 2025ರ ಜುಲೈ 14ರಂದು ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಉದ್ಘಾಟನೆಯಾಗಿದೆ. ಇನ್ನು ಲಾಂಚಿನ ಸರದಿಯಲ್ಲಿ ಕಾಯದೆ ಸಾಗರದವರೆಗೆ ಒಂದೇ ಓಟ ಓಡಿಸಬಹುದಲ್ಲ. ಆದರೆ ಕೆನೆಯ ಜೊತೆಗೆ ಕೂಲೆಂಟ್ ಕೂಡ ಕಡಿಮೆಯಾಗುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ಪರೀಕ್ಷೆ ಮಾಡಿಸಲೇಬೇಕು.

ಫ್ಲಶ್ ಎಂದರೆ ಹಳೆ ಆಯಿಲ್‌ಗೆ ದ್ರಾವಕ ಬೆರೆಸಿ, ಐದ್ಹತ್ತು ನಿಮಿಷ ನಿಂತಲ್ಲೇ ಓಡಿಸಿ ಇಳಿಸುವುದು. ಅಷ್ಟು ಹೊತ್ತು ಆಯಿಲ್ ತೆಳ್ಳಗಾಗಿ ಬೇರಿಂಗ್‌ಗಳಿಗೆ ಸಿಗುವ ರಕ್ಷಣೆ ಕುಗ್ಗುತ್ತದೆ. ನಿಜವಾಗಿ ಕೊಳೆ ಕಟ್ಟಿದ ಇಂಜಿನ್‌ನಲ್ಲಿ ಅಪಾಯ ಇನ್ನೂ ಹೆಚ್ಚು: ಎದ್ದ ಕೊಳೆ ಆಯಿಲ್ ಪಂಪಿನ ಜಾಲರಿಗೆ ಅಡರಿದರೆ ಇಂಜಿನ್ನೇ ಹಿಡಿದುಕೊಳ್ಳಬಹುದು. ಹಿಂದಿನ ಮಾಲೀಕ ಏನು ಮಾಡಿದ್ದನೋ ಗೊತ್ತಿಲ್ಲದ ಸೆಕೆಂಡ್ ಹ್ಯಾಂಡ್ ಗಾಡಿಯಲ್ಲಿ ಇಂಥ ಕೊಳೆ ಕಂಡರೆ, ಕೆಳಗಿನ ಆಯಿಲ್ ಚೇಂಬರ್ ಮತ್ತು ಮೇಲಿನ ಟ್ಯಾಪೆಟ್ ಕವರ್ ಬಿಚ್ಚಿಸಿ ಕೈಯಿಂದಲೇ ತೆಗೆಸುವುದು ಒಳ್ಳೆಯದು.

ಡಿಕಾರ್ಬನೈಸಿಂಗ್ ಕೂಡ ಇಷ್ಟೇ. ನಿಮ್ಮ ಆಲ್ಟೊದಲ್ಲಿ ಪೆಟ್ರೋಲ್ ಇನ್‌ಟೇಕ್ ವಾಲ್ವಿನ ಹಿಂದೆಯೇ ಚಿಮ್ಮುತ್ತದೆ, ಆ ವಾಲ್ವನ್ನು ಓಡಾಟದಲ್ಲೇ ತೊಳೆಯುತ್ತಿರುತ್ತದೆ. ಸಿಲಿಂಡರ್ ಒಳಕ್ಕೇ ನೇರವಾಗಿ ಪೆಟ್ರೋಲ್ ಚಿಮ್ಮುವ ಹೊಸ ಇಂಜಿನ್‌ಗಳಿಗೂ, ಹೊಗೆಯ ಒಂದು ಪಾಲನ್ನು ಮತ್ತೆ ಇಂಜಿನ್‌ಗೇ ತಿರುಗಿಸುವ ಇಜಿಆರ್ ಇರುವ ಡೀಸೆಲ್ ಗಾಡಿಗಳಿಗೂ ಕಾರ್ಬನ್ ತೊಂದರೆ ಉಂಟು. ಅವುಗಳ ಕಥೆ ಬೇರೆ. ನಿಮ್ಮ ಗಾಡಿಯ ಪಿಕಪ್, ಮೈಲೇಜ್ ಬಿದ್ದಿಲ್ಲ, ಹೊಗೆ ತಪಾಸಣೆ ಚೀಟಿಯ ಅಂಕಿಗಳು ಕಳೆದ ಸಲಕ್ಕಿಂತ ಏರಿಲ್ಲ ಎಂದಾದರೆ ದುಡ್ಡು ಕೊಡಬೇಡಿ.

ಅದೇ ದುಡ್ಡಿನಲ್ಲಿ ಆಯಿಲ್ ಮತ್ತು ಆಯಿಲ್ ಫಿಲ್ಟರ್ ಹಾಕಿಸಿ. ಹತ್ತು ಸಾವಿರ ಕಿಲೋಮೀಟರ್ ಅಥವಾ ಒಂದು ವರ್ಷ ಎಂಬುದು ಸಾಮಾನ್ಯ ಲೆಕ್ಕ. ಸಣ್ಣ ಓಡಾಟವೇ ಹೆಚ್ಚಾದರೆ ಆರು ತಿಂಗಳಿಗೊಮ್ಮೆ ಬದಲಿಸಿ, ಅದರಲ್ಲಿ ಒಂದು ಸಲ ಮಳೆಗಾಲ ಮುಗಿದ ಮೇಲೆ ಬರಲಿ. ಈಗ ಬಂಕ್‌ಗಳಲ್ಲಿ ಶೇ 20 ಎಥನಾಲ್ ಬೆರೆತ ಪೆಟ್ರೋಲ್ ಸಿಗುತ್ತಿದೆ. 2009ರ ಗಾಡಿಯನ್ನು ಅದಕ್ಕೆಂದು ಮಾಡಿದ್ದಲ್ಲ, ಹಾಗಾಗಿ ಪೆಟ್ರೋಲಿನ ರಬ್ಬರ್ ಪೈಪುಗಳು ಬಿರಿದಿವೆಯೇ, ವಾಸನೆ ಬರುತ್ತದೆಯೇ ಎಂದು ನೋಡಿಸಿ. ಮುಂದಿನ ಸರ್ವಿಸ್‌ಗೆ ಹೋದಾಗ ‘ಫ್ಲಶ್ ಬೇಡ’ ಎಂದು ಜಾಬ್ ಕಾರ್ಡಿನಲ್ಲೇ ಬರೆಸಿ, ಮಗನಿಗೂ ಇದನ್ನು ಓದಲು ಕೊಡಿ.