ಚಿತ್ರದಲ್ಲಿರುವವರು ಯಾರು?

ಮೈಸೂರು ನಗರದ ದಕ್ಷಿಣ ಭಾಗದಲ್ಲಿ ವಿದ್ಯಾರಣ್ಯಪುರಂ ಎಂಬ ಬಡಾವಣೆಯಿದೆ. ಅದರ ಮಗ್ಗುಲಲ್ಲಿ ಹಾದುಹೋಗುವ ಮಾನಂದವಾಡಿ ರಸ್ತೆಯಲ್ಲಿ ಶ್ರೀಗಂಧದ ಎಣ್ಣೆಯನ್ನು ಬಟ್ಟಿಯಿಳಿಸುವ ಸರ್ಕಾರಿ ಕಾರ್ಖಾನೆಯನ್ನು ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ ಸ್ಥಾಪಿಸಲಾಯಿತು. ಗಂಧದ ಎಣ್ಣೆಯ ಪರಿಮಳದಿಂದ ಹೆಸರಾದ ಮೈಸೂರು ಸ್ಯಾಂಡಲ್ ಸಾಬೂನಿನ ಹೊದಿಕೆಯನ್ನು ಬಹುಮಂದಿ ಕಂಡಿರುತ್ತಾರೆ. ಆದರೆ ಅದರ ಮೇಲಿರುವ ವಿಚಿತ್ರ ಪ್ರಾಣಿಯನ್ನು ಗಮನಿಸಿದವರು ವಿರಳ. ಅದರ ತಲೆ ಆನೆಯದು, ಒಡಲು ಸಿಂಹದ್ದು. ಅದನ್ನು ಶರಭವೆಂದು ಕರೆಯುತ್ತಾರೆ. ಅದು ಸಾಬೂನಿಗಾಗಿ ಹೊಸದಾಗಿ ಕಲ್ಪಿಸಿದ ಗುರುತಲ್ಲ. ಮೈಸೂರು ಸಂಸ್ಥಾನದ ರಾಜಲಾಂಛನದಲ್ಲಿ ನಡುವೆ ಎರಡು ತಲೆಗಳ ಗಂಡಭೇರುಂಡ ಪಕ್ಷಿಯೂ ಇಕ್ಕೆಲಗಳಲ್ಲಿ ಇಂತಹ ಶರಭಗಳೂ ಇದ್ದುವು. ಇಂದಿನ ಕರ್ನಾಟಕ ರಾಜ್ಯದ ಲಾಂಛನದಲ್ಲಿಯೂ ಅವೇ ನಿಂತಿವೆ.

ಇಂತಹ ಗುರುತುಗಳು ಅಲಂಕಾರಕ್ಕಾಗಿ ಮಾತ್ರ ಹುಟ್ಟಿದವಲ್ಲ. ‘ಇದು ಇಂಥವರದು’ ಎಂದು ಸಾರುವುದೇ ಅವುಗಳ ಮೊದಲ ಉದ್ದೇಶ. ಆದುದರಿಂದಲೇ ಹೆಸರಿಲ್ಲದ ಹಳೆಯ ಭಾವಚಿತ್ರವೊಂದು ದೊರೆತಾಗ ವಿದ್ವಾಂಸರು ಮೊದಲು ನೋಡುವುದು ಮುಖವನ್ನಲ್ಲ. ಚಿತ್ರದ ಮೂಲೆಯಲ್ಲಿ, ಉಂಗುರದಲ್ಲಿ, ಆಸನದ ಬೆನ್ನಿನಲ್ಲಿ ಲಾಂಛನವೇನಾದರೂ ಇದೆಯೇ ಎಂಬುದನ್ನು.

ಯೂರೋಪಿನಲ್ಲಿ ಈ ಪರಿಶೀಲನೆ ಒಂದು ಶಾಸ್ತ್ರವಾಗಿಯೇ ಬೆಳೆದಿದೆ. ಹನ್ನೆರಡನೆಯ ಶತಮಾನದ ಹೊತ್ತಿಗೆ ಅಲ್ಲಿನ ಯೋಧರು ಮುಖ ಕಾಣದಂತೆ ಶಿರಸ್ತ್ರಾಣ ಧರಿಸುತ್ತಿದ್ದರು. ತಮ್ಮವರು ಯಾರು, ಶತ್ರುಗಳು ಯಾರು ಎಂದು ತಿಳಿಯಲು ಗುರಾಣಿಯ ಮೇಲಿನ ಬಣ್ಣ ಮತ್ತು ಆಕೃತಿಗಳೇ ಸಹಾಯಕವಾಗುತ್ತಿದ್ದುವು. ಕಾಲಕ್ರಮದಲ್ಲಿ ಅವು ವಂಶಪಾರಂಪರ್ಯದ ಸ್ವತ್ತಾದುವು. ಒಬ್ಬರ ಲಾಂಛನವನ್ನು ಮತ್ತೊಬ್ಬರು ಬಳಸದಂತೆ ನೋಡಿಕೊಳ್ಳಲು ದಾಖಲೆಗಳು ಹುಟ್ಟಿದುವು. ಇಂಗ್ಲೆಂಡಿನಲ್ಲಿ 1484ರಲ್ಲಿ ಇದಕ್ಕೆಂದೇ ಒಂದು ಸಂಸ್ಥೆ ಏರ್ಪಟ್ಟಿತು. ವಿವಾಹವಾದಾಗ ಗುರಾಣಿಯನ್ನು ಉದ್ದಕ್ಕೆ ಎರಡಾಗಿ ಸೀಳಿ, ನೋಡುವವರ ಎಡಭಾಗದಲ್ಲಿ ಗಂಡನ ಲಾಂಛನವನ್ನೂ ಬಲಭಾಗದಲ್ಲಿ ಹೆಂಡತಿಯ ತವರಿನ ಲಾಂಛನವನ್ನೂ ಬರೆಯುವ ರೂಢಿಯಿತ್ತು. ಹೀಗಾಗಿ ಅಂತಹ ಗುರಾಣಿ ಕಂಡರೆ ಎರಡು ಮನೆತನಗಳ ಹೆಸರು ಒಮ್ಮೆಗೇ ದೊರೆಯುತ್ತದೆ. ಆ ಎರಡು ಮನೆತನಗಳ ನಡುವೆ ನಡೆದ ವಿವಾಹ ಒಂದೇ ಆಗಿದ್ದರೆ ಚಿತ್ರದಲ್ಲಿರುವವರ ಹೆಸರು ತಾನಾಗಿ ಹೊರಬೀಳುತ್ತದೆ.

ಆದರೂ ಇಲ್ಲಿ ಎಚ್ಚರಿಕೆ ಅಗತ್ಯ. ಹಿರಿಯರ ಚಿತ್ರಗಳ ಮೇಲೆ ಎಷ್ಟೋ ವರ್ಷಗಳ ಅನಂತರ ವಂಶಜರು ಲಾಂಛನವನ್ನು ಬರೆಯಿಸಿದ ನಿದರ್ಶನಗಳಿವೆ. ಮನೆತನದ ಹೆಮ್ಮೆ ಎಲ್ಲಿಯೂ ಒಂದೇ! ಲಾಂಛನದ ಬಣ್ಣವು ಹಳೆಯ ಬಣ್ಣದ ಬಿರುಕುಗಳ ಮೇಲೆ ಹರಿದಿದ್ದರೆ ಅದು ಮೂಲ ಚಿತ್ರಕಾರನ ಕೆಲಸವಲ್ಲವೆಂದು ತಿಳಿಯಬೇಕು.

ನಮ್ಮ ನಾಡಿನಲ್ಲಿ ಲಾಂಛನದ ಸಂಪ್ರದಾಯ ಬಹು ಪುರಾತನವಾದುದು. ಚಾಲುಕ್ಯರಿಗೆ ವರಾಹ ಲಾಂಛನವಿದ್ದಿತು. ಅದು ವಿಜಯನಗರದ ಅರಸರ ಲಾಂಛನವೂ ಆಯಿತು. ಗಂಡಭೇರುಂಡವನ್ನು ಬಳ್ಳಿಗಾವೆಯಲ್ಲಿ 1047ರಲ್ಲಿ ನಿಲ್ಲಿಸಿದ ಸ್ತಂಭದ ಮೇಲೆಯೇ ಕಾಣಬಹುದು. ಮುಂದೆ ವಿಜಯನಗರದ ಅಚ್ಯುತರಾಯನ ನಾಣ್ಯಗಳಲ್ಲಿ ಅದು ಮೂಡಿತು, ಆಮೇಲೆ ಮೈಸೂರಿನದಾಯಿತು. ಆದುದರಿಂದ ಗಂಡಭೇರುಂಡ ಕಂಡಲ್ಲೆಲ್ಲ ಮೈಸೂರಿನ ಒಡೆಯರನ್ನು ಕಾಣುವುದು ಸರಿಯಲ್ಲ. ಇನ್ನೊಂದು ವ್ಯತ್ಯಾಸವೂ ಉಂಟು. ಇಲ್ಲಿನ ಲಾಂಛನ ಸಿಂಹಾಸನಕ್ಕೆ ಸೇರಿದುದು. ತಂದೆಗೂ ಮಗನಿಗೂ ಅದು ಒಂದೇ. ಅದು ಮನೆಯ ಬಾಗಿಲವರೆಗೆ ಕರೆದೊಯ್ಯುತ್ತದೆ. ಒಳಗಿರುವವರು ಯಾರೆಂದು ಹೇಳುವುದಿಲ್ಲ. ಆಗ ಬೇರೆ ಸಾಕ್ಷ್ಯಗಳನ್ನು ಹುಡುಕಬೇಕಾಗುತ್ತದೆ. ಉದಾಹರಣೆಗೆ, ಅರಸನೊಬ್ಬನ ಎದೆಯ ಮೇಲೆ ‘ಸ್ಟಾರ್ ಆಫ್ ಇಂಡಿಯಾ’ ಪದಕವಿದ್ದರೆ ಆ ಚಿತ್ರ 1861ಕ್ಕಿಂತ ಹಿಂದಿನದಾಗಿರಲಾರದು. ಏಕೆಂದರೆ ಆ ಗೌರವಶ್ರೇಣಿ ಸ್ಥಾಪಿತವಾದದ್ದೇ ಆ ವರ್ಷ.

ಲಾಂಛನವೇ ಇಲ್ಲದಿದ್ದರೆ? ಮೈಸೂರಿಗೆ ಸಂಬಂಧಿಸಿದ ಒಂದು ತೈಲಚಿತ್ರದ ಕಥೆ ಇದಕ್ಕೆ ಉತ್ತರವನ್ನೊದಗಿಸುತ್ತದೆ.

1799ರಲ್ಲಿ ಟಿಪ್ಪು ಸುಲ್ತಾನನು ಮಡಿದ ಮೇಲೆ ಐದು ವರ್ಷದ ಬಾಲಕ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಪಟ್ಟಾಭಿಷೇಕವಾಯಿತು. ಐರ್ಲೆಂಡಿನಲ್ಲಿ ಹುಟ್ಟಿದ ಥಾಮಸ್ ಹಿಕಿ ಎಂಬ ಚಿತ್ರಕಾರನು 1805ರಲ್ಲಿ ಮೈಸೂರಿಗೆ ಬಂದನು. ಅವನು ಬರೆದ ಚಿತ್ರವೊಂದರಲ್ಲಿ ಮೂವರು ಸ್ತ್ರೀಯರಿದ್ದಾರೆ. ಅವರ ಹೆಸರುಗಳು ಕಾಲಗತಿಯಲ್ಲಿ ಮರೆತುಹೋದುವು. ಬಹುಕಾಲದ ತನಕ ನೋಡಿದವರು ಅವರನ್ನು ನರ್ತಕಿಯರೆಂದೋ ವಾರಾಂಗನೆಯರೆಂದೋ ಭಾವಿಸಿದ್ದರು. ಅಂತಃಪುರದ ಸ್ತ್ರೀಯರು ಪರಪುರುಷನೆದುರು, ಅದರಲ್ಲಿಯೂ ವಿದೇಶೀಯನೊಬ್ಬನೆದುರು, ಕುಳಿತುಕೊಳ್ಳಲಾರರು ಎಂಬ ತರ್ಕ ಇದಕ್ಕೆ ಕಾರಣವಾಗಿದ್ದಿರಬಹುದು.

ಇತಿಹಾಸಕಾರ ನೈಜೆಲ್ ಚಾನ್ಸಲರ್ ಈ ಅಭಿಪ್ರಾಯವನ್ನು ಒಪ್ಪಲಿಲ್ಲ. ಚಿತ್ರದಲ್ಲಿ ಗಂಡಭೇರುಂಡವಿಲ್ಲ, ಬರಹವಿಲ್ಲ. ಆದರೆ ಬಂಗಾರದ ಕಸೂತಿಯಿಂದ ಭಾರವಾದ ತೋಳುಗಳಿವೆ, ಶಿರೋಭೂಷಣಗಳಿವೆ. ಅವು ಮೈಸೂರು ಅರಮನೆಯ ರಾಣಿಯರಿಗೆ ವಿಶಿಷ್ಟವಾದುವೆಂದು ಅವರು ಗುರುತಿಸಿದರು. ಗುರಾಣಿ ಮಾಡುವ ಕೆಲಸವನ್ನು ಇಲ್ಲಿ ಉಡುಗೆತೊಡುಗೆಗಳು ಮಾಡಿದುವು. ಹೀಗೆ ಮನೆತನ ತಿಳಿಯಿತು. ವ್ಯಕ್ತಿಯನ್ನು ತಿಳಿಯಲು ಈಸ್ಟ್ ಇಂಡಿಯಾ ಕಂಪನಿಯ ಕಾಗದಪತ್ರಗಳು ಬೇಕಾದುವು. ಅವುಗಳಲ್ಲಿ ಚಿತ್ರದ ಸಂಬಂಧವಾಗಿ ಕಿರಿಯ ರಾಣಿ ದೇವಾಜಮ್ಮಣ್ಣಿಯವರ ಹೆಸರು ದೊರೆಯಿತು. ಬಲಗಡೆ ಇರುವವರು ಅವರೇ ಎಂದು ಚಾನ್ಸಲರ್ ನಿರ್ಣಯಿಸಿದರು. ಎಡಗಡೆಯವರು ಅರಸರ ಹಿರಿಯ ರಾಣಿ. ಅವರ ಹೆಸರೂ ದೇವಾಜಮ್ಮಣ್ಣಿಯೇ. ಹೆಸರು ದೊರೆತ ಮಾತ್ರಕ್ಕೆ ಎಲ್ಲವೂ ಬಗೆಹರಿಯುವುದಿಲ್ಲವೆಂಬುದಕ್ಕೆ ಇದಕ್ಕಿಂತ ಸೊಗಸಾದ ಉದಾಹರಣೆ ಬೇಕೆ?

ಇಬ್ಬರನ್ನು ಬೇರ್ಪಡಿಸಿದ್ದು ಅವರ ಮೈಮೇಲಿನ ಗುರುತುಗಳು. ಅಂದಿನ ದಿನಗಳಲ್ಲಿ ಸಿಡುಬು ಭಯಂಕರ ವ್ಯಾಧಿಯಾಗಿದ್ದಿತು. ಅದು ಅರಮನೆ ಗುಡಿಸಲುಗಳೆಂಬ ಭೇದವನ್ನೆಣಿಸುತ್ತಿರಲಿಲ್ಲ; ಬದುಕಿ ಉಳಿದವರಲ್ಲಿ ಎಷ್ಟೋ ಮಂದಿ ಕಣ್ಣು ಕಳೆದುಕೊಳ್ಳುತ್ತಿದ್ದರು. ರೋಗಿಯ ಗುಳ್ಳೆಯ ಹೊಕ್ಕಳಿಕೆಯನ್ನು ಪುಡಿಮಾಡಿ ಆರೋಗ್ಯವಂತರ ಮೂಗಿನೊಳಗೆ ಊದುವ ಹಳೆಯ ಪದ್ಧತಿಯೊಂದಿತ್ತು. ಹಿರಿಯ ರಾಣಿಯ ಮೂಗಿನ ಕೆಳಗೂ ಬಾಯಿಯ ಸುತ್ತಲೂ ಚರ್ಮದ ಬಣ್ಣ ಮಾಸಿರುವುದು ಆ ಪದ್ಧತಿಯ ಕುರುಹೆಂದು ಚಾನ್ಸಲರ್ ಊಹಿಸುತ್ತಾರೆ. ಇಂಗ್ಲೆಂಡಿನ ಎಡ್ವರ್ಡ್ ಜೆನ್ನರ್ 1796ರಲ್ಲಿ ಗೋವಿನ ಸಿಡುಬಿನ ಕೀವಿನಿಂದ ಲಸಿಕೆ ಹಾಕುವ ಹೊಸ ವಿಧಾನವನ್ನು ಪ್ರಯೋಗಿಸಿದ್ದನು. 1802ರಲ್ಲಿ ಅದು ಮುಂಬಯಿಯನ್ನು ತಲುಪಿತು. ಒಬ್ಬರ ತೋಳಿನಿಂದ ಮತ್ತೊಬ್ಬರ ತೋಳಿಗೆ ದ್ರವವನ್ನು ದಾಟಿಸಿ ಲಸಿಕೆಯನ್ನು ಊರಿಂದೂರಿಗೆ ಒಯ್ಯಬೇಕಾಗಿದ್ದುದರಿಂದ ಜಾತಿ ಮಡಿಗಳ ಪ್ರಶ್ನೆ ಎದ್ದು ಜನ ಹಿಂಜರಿದರು. ಇಂತಹ ಹೊತ್ತಿನಲ್ಲಿ ಕಿರಿಯ ರಾಣಿ ಲಸಿಕೆಗೆ ಒಪ್ಪಿದರು. ಅದನ್ನು ಕಂಡು ಅನೇಕರು ಮುಂದೆ ಬಂದರೆಂದು ಕಂಪನಿಯ ಅಧಿಕಾರಿಗಳು ಬರೆದಿಟ್ಟಿದ್ದಾರೆ.

ಈಗ ಚಿತ್ರವನ್ನು ಮತ್ತೆ ನೋಡಬೇಕು. ಸಾಮಾನ್ಯವಾಗಿ ಎಡತೋಳನ್ನು ಮುಚ್ಚಬೇಕಾದ ಸೀರೆಯ ಸೆರಗು ಕಿರಿಯ ರಾಣಿಯ ವಿಷಯದಲ್ಲಿ ಹಾಗಿಲ್ಲ. ತೋಳು ಕಾಣುವಂತಿದೆ, ಬಲಗೈ ಅದರ ಬಳಿ ಬಂದಿದೆ. ಲಸಿಕೆ ಹಾಕಿಸಿಕೊಂಡ ಜಾಗವನ್ನು ಮರ್ಯಾದೆಗೆ ಕುಂದಿಲ್ಲದಂತೆ ತೋರಿಸುವ ಭಂಗಿ ಅದು ಎಂಬುದು ಚಾನ್ಸಲರ್ ಅವರ ವಾದ. ನಡುವಣ ಸ್ತ್ರೀಯನ್ನು ಅವರು ಅರಸರ ಅಜ್ಜಿ ಲಕ್ಷ್ಮಮ್ಮಣ್ಣಿಯವರ ಸಮ್ಮತಿಯ ಸಂಕೇತವೆಂದು ಅರ್ಥೈಸಿದ್ದಾರೆ. ಕಳೆದುಹೋದ ಸಂಸ್ಥಾನವನ್ನು ಮರಳಿ ಪಡೆಯಲು ದಶಕಗಳ ಕಾಲ ಶ್ರಮಿಸಿದ ಆ ಹಿರಿಯರ ಒಪ್ಪಿಗೆಯಿಲ್ಲದೆ ರಾಣಿಯರು ಚಿತ್ರಕಾರನೆದುರು ಬಂದಿರಲಾರರು.

ಲಾಂಛನವನ್ನು ಓದುವ ಶಾಸ್ತ್ರವಾಗಲಿ ಉಡುಗೆಯನ್ನು ಓದುವ ವಿದ್ಯೆಯಾಗಲಿ ನೀಡುವುದು ಸಂಭಾವ್ಯ ಉತ್ತರವನ್ನು. ಕಾಗದಪತ್ರಗಳೊಡನೆ ಹೊಂದಿಕೆಯಾದಾಗಲೇ ಅದಕ್ಕೆ ಬಲ. ಆ ಚಿತ್ರವು 2007ರಲ್ಲಿ ಸೋಥಬೀಸ್ ಸಂಸ್ಥೆಯ ಹರಾಜಿನಲ್ಲಿ ಮಾರಾಟವಾಯಿತು. ಸಿಡುಬು ಭೂಮಿಯಿಂದ ನಿರ್ಮೂಲವಾಯಿತೆಂದು 1980ರಲ್ಲಿ ವಿಶ್ವ ಆರೋಗ್ಯ ಸಭೆಯು ಘೋಷಿಸಿದ್ದಿತು. ಚಿತ್ರದಲ್ಲಿ ಮಾತ್ರ ದೇವಾಜಮ್ಮಣ್ಣಿಯವರ ಬಲಗೈ ಇನ್ನೂ ಎಡತೋಳಿನ ಬಳಿಯೇ ನಿಂತಿದೆ.