ಇಗ್ವಾನಾಗೆ ಅವಸರವಿಲ್ಲ

ಮಗಳೇ, ಆ ಅಂಗಡಿಯವನಿಗೆ ದುಡ್ಡು ಕೊಡಬೇಡ. ಗಾಜಿನ ಪೆಟ್ಟಿಗೆಯ ಮೂಲೆಯಲ್ಲಿ ಕಣ್ಣು ಗುಳಿಬಿದ್ದು ಮಲಗಿರುವ ಆ ಹಸಿರು ಇಗ್ವಾನಾವನ್ನು ಬಿಟ್ಟುಬರಲು ನಿನಗೆ ಮನಸ್ಸಾಗುತ್ತಿಲ್ಲ, ಗೊತ್ತು. ಆದರೆ ನೀನು ಎಣಿಸಿಕೊಡುವ ನೋಟು ಅವನ ಲೆಕ್ಕದಲ್ಲಿ ಮರುಕವಲ್ಲ, ವ್ಯಾಪಾರ. ಸಾಯುವ ಮಾಲೂ ಬಿಕರಿಯಾಯಿತಲ್ಲ ಎಂದುಕೊಂಡು ಅದೇ ಪೆಟ್ಟಿಗೆಗೆ ಇನ್ನೊಂದು ಮರಿ ತಂದು ಬಿಡುತ್ತಾನೆ. 2018ರ ಪೆಟ್ ಶಾಪ್ ನಿಯಮಗಳ ಪ್ರಕಾರ ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಇಲ್ಲದೆ ಅಂಥ ಅಂಗಡಿ ನಡೆಸುವಂತಿಲ್ಲ. ಅಲ್ಲಿಗೆ ಒಂದು ದೂರು ಬರೆ. ಅದು ನಿಧಾನದ ದಾರಿ ಎಂದು ನೀನು ಮುಖ ಸಿಂಡರಿಸುವುದು ಇಲ್ಲಿಂದಲೇ ಕಾಣುತ್ತಿದೆ. ಈ ಪ್ರಾಣಿಯ ವಿಷಯದಲ್ಲಿ ಬೇಗದ ದಾರಿ ಅನ್ನುವುದು ಯಾವುದೂ ಇಲ್ಲ.

ನಿನ್ನ ಗೆಳತಿಯ ತಮ್ಮ ಸಾಕಿ ಬೇಸತ್ತ ಇಗ್ವಾನಾ ಒಂದಿದೆ ಎಂದೆಯಲ್ಲ, ತರುವುದಾದರೆ ಅದನ್ನು ತಾ. ಹುಡುಗನನ್ನು ಮಾತ್ರ ಬೈಯಬೇಡ. ಬೈಸಿಕೊಂಡವನು ಮುಂದಿನ ಸಲ ಯಾರಿಗೂ ಹೇಳದೆ ರಾತ್ರಿ ಹೊತ್ತು ಯಾವುದೋ ಪಾರ್ಕಿನಲ್ಲಿ ಬಿಟ್ಟು ಬರುತ್ತಾನೆ. ಏನು ತಿನ್ನಿಸುತ್ತಿದ್ದ, ಯಾವ ದೀಪ, ಎಷ್ಟು ದಿನದಿಂದ ಕಕ್ಕಸು ಮಾಡಿಲ್ಲ, ಎಲ್ಲ ಕೇಳಿ ಬರೆದುಕೋ. ಕಾಗದವನ್ನೂ ಕೇಳು. ವನ್ಯಜೀವಿ ಕಾಯ್ದೆಗೆ 2022ರಲ್ಲಿ ಆದ ತಿದ್ದುಪಡಿ, ಆಮೇಲೆ ಬಂದ 2024ರ ನಿಯಮಗಳ ಪ್ರಕಾರ ಇಗ್ವಾನಾದಂಥ ವಿದೇಶಿ ಪ್ರಾಣಿಯನ್ನು ಪರಿವೇಶ್ ಪೋರ್ಟಲಿನಲ್ಲಿ ನೋಂದಾಯಿಸಬೇಕು, ಕೈ ಬದಲಾದರೆ ಅದನ್ನೂ ತಿಳಿಸಬೇಕು. ಉಡ, ಗೋಸುಂಬೆ ಯಾರಾದರೂ ತಂದುಕೊಟ್ಟರೆ ಆ ಮಾತೇ ಬೇರೆ. ಅವು ನಮ್ಮ ಕಾಡಿನವು, ಮನೆಯಲ್ಲಿಡುವುದೇ ಅಪರಾಧ. ನೇರವಾಗಿ ಅರಣ್ಯ ಇಲಾಖೆಗೆ ಫೋನ್ ಮಾಡು.

ನಾನು ದನ ಎಮ್ಮೆಗಳ ಡಾಕ್ಟರು. ನಿವೃತ್ತಿಯಾಗಿ ಬೆಂಗಳೂರಿಗೆ ಬಂದ ಮೇಲೆಯೇ ಈ ಇಗ್ವಾನಾಗಳು ನನ್ನ ಕಣ್ಣಿಗೆ ಬೀಳತೊಡಗಿದ್ದು. ಗೋಡೆಯ ಮೇಲೆ ಹಲ್ಲಿ ಲೊಚಗುಟ್ಟಿದರೆ ನೆಲ ತಟ್ಟಿ 'ಕೃಷ್ಣ ಕೃಷ್ಣ' ಅನ್ನುತ್ತಿದ್ದ ಮನೆಗಳ ಮೊಮ್ಮಕ್ಕಳು ಮೂರಡಿ ಹಲ್ಲಿಯನ್ನು ಹೆಗಲ ಮೇಲೆ ಕೂರಿಸಿಕೊಂಡು ಲಿಫ್ಟಿನಿಂದ ಇಳಿಯುತ್ತಾರೆ! ಹಾಗೆ ಇಳಿದು ಬಂದವುಗಳಲ್ಲಿ ಹೆಚ್ಚಿನವಕ್ಕೆ ಒಂದೇ ಕಾಯಿಲೆ, ಮೂಳೆಯದು. ಚರ್ಮಕ್ಕೆ ಬಿಸಿಲಿನ ಯುವಿಬಿ ಕಿರಣ ಬಿದ್ದರೆ ಡಿ3 ಜೀವಸತ್ವ ಹುಟ್ಟುತ್ತದೆ. ಅದಿಲ್ಲದೆ ತಿಂದ ಕ್ಯಾಲ್ಸಿಯಂ ಕರುಳಿನಿಂದ ಸರಿಯಾಗಿ ಒಳಗೆ ಹೋಗುವುದಿಲ್ಲ. ರಕ್ತಕ್ಕೆ ಕ್ಯಾಲ್ಸಿಯಂ ಬೇಕೇ ಬೇಕು, ಆದ್ದರಿಂದ ದೇಹ ತನ್ನ ಮೂಳೆಯನ್ನೇ ಕರಗಿಸಿ ಕೊಡುತ್ತದೆ. ಕೆಳದವಡೆ ರಬ್ಬರಿನಂತಾಗುತ್ತದೆ, ಬೆರಳು ಅದುರುತ್ತವೆ, ಬೆನ್ನು ಡೊಂಕಾಗುತ್ತದೆ, ಕೊನೆಗೆ ಹಿಂಗಾಲು ಎಳೆಯುತ್ತದೆ. ತೊಡೆ ಮಾತ್ರ ದಪ್ಪಗೆ, ದುಂಡಗೆ ಕಾಣುತ್ತದೆ. 'ಚೆನ್ನಾಗಿ ಮೈ ಕೈ ತುಂಬಿಕೊಂಡಿದೆ' ಎಂದು ಸಾಕಿದವರು ಹಿಗ್ಗುತ್ತಾರೆ. ಅದು ಮಾಂಸವಲ್ಲ. ಸೊರಗಿದ ಮೂಳೆಯ ಸುತ್ತ ನಾರು ಬೆಳೆದು ಬಂದ ಬಾವು.

ತಂದ ದಿನ ನಿನ್ನ ಕೈ ಊಟದ ಕಡೆಗೆ ಹೋಗುತ್ತದೆ. ತಡೆ. ಇದು ತಣ್ಣನೆಯ ರಕ್ತದ ಜೀವ. ಮೈ ಬಿಸಿಯಾಗದೆ ಹೊಟ್ಟೆ ಕೆಲಸ ಮಾಡುವುದಿಲ್ಲ. ಒತ್ತಾಯಕ್ಕೆ ತುರುಕಿದ್ದು ಒಳಗೇ ಕೊಳೆಯುತ್ತದೆ. ಮೊದಲು ಬಿಸಿ, ಆಮೇಲೆ ನೀರು, ಊಟ ಕಡೆಗೆ. ದೀಪದ ಕೆಳಗೆ ಕೂರುವ ಜಾಗದಲ್ಲಿ 35 ಡಿಗ್ರಿಯ ಆಸುಪಾಸು, ಇನ್ನೊಂದು ತುದಿಯಲ್ಲಿ 27ರ ಹತ್ತಿರ ಇರಲಿ. ಬೇಕಾದ ಕಡೆಗೆ ಅದೇ ಸರಿದುಕೊಳ್ಳುತ್ತದೆ. ಬಿಸಿಯಾಗುವ ಕಲ್ಲು ಅಂತ ಮಾರುತ್ತಾರಲ್ಲ, ಅದು ಮನೆಗೇ ಬೇಡ. ಹೊಟ್ಟೆಯ ಚರ್ಮ ಸುಟ್ಟರೂ ಕದಲದೆ ಅದರ ಮೇಲೇ ಕೂತಿರುತ್ತವೆ. ಡಿಸೆಂಬರಿನಲ್ಲಿ ಬೆಂಗಳೂರಿನ ರಾತ್ರಿ ನಿನಗೆ ಹಿತ, ಮಧ್ಯ ಅಮೆರಿಕದ ಜೀವಕ್ಕೆ ಅಲ್ಲ. ಮೈ ಬೆಚ್ಚಗಾದ ಮೇಲೆ ಉಗುರುಬೆಚ್ಚಗಿನ ನೀರಿನಲ್ಲಿ, ಹೊಟ್ಟೆ ಮುಟ್ಟುವಷ್ಟೇ ಆಳದಲ್ಲಿ, ಕೂರಿಸು. ಆಗ ಅಲ್ಲಿಂದ ಎದ್ದು ಹೋಗಬೇಡ, ಫೋನ್ ಬಂದರೂ.

ಯುವಿಬಿ ದೀಪದ ಒಂದು ಮೋಸ ಹೇಳುತ್ತೇನೆ. ಅದು ವರ್ಷಗಟ್ಟಲೆ ಬೆಳಗುತ್ತದೆ. ಆದರೆ ಕಣ್ಣಿಗೆ ಕಾಣದ ಆ ಕಿರಣ ಆರು ತಿಂಗಳಿಂದ ವರ್ಷದೊಳಗೆ ಸಾಕಷ್ಟು ಇಳಿದುಹೋಗಿರುತ್ತದೆ. ಹಾಕಿದ ತಾರೀಕನ್ನು ಹೋಲ್ಡರಿನ ಮೇಲೆಯೇ ಬರೆ. ಕಿಟಕಿಯ ಗಾಜಿನ ಹಿಂದಿನ ಬಿಸಿಲಿನಿಂದಲೂ ಲಾಭವಿಲ್ಲ, ಗಾಜು ಆ ಕಿರಣವನ್ನು ತಡೆಯುತ್ತದೆ. ಬೆಳಗಿನ ನೇರ ಬಿಸಿಲೇ ಒಳ್ಳೆಯದು. ಬಾಲ್ಕನಿಯಲ್ಲಿ ಜಾಲರಿಯ ಗೂಡು ಮಾಡಿ ಅರ್ಧಕ್ಕೆ ನೆರಳು ಕೊಡು. ಗಾಜಿನ ಪೆಟ್ಟಿಗೆ ಸಮೇತ ಬಿಸಿಲಿಗಿಟ್ಟರೆ ಒಳಗೇ ಬೇಯುತ್ತದೆ.

ತಿನ್ನಲು ಸೊಪ್ಪೇ. ಮೊಟ್ಟೆ, ಕೈಮಾ, ನಾಯಿ ಬಿಸ್ಕತ್ತು ಕೊಟ್ಟು ಬೇಗ ಬೆಳೆಸಿದ ಇಗ್ವಾನಾಗಳ ಮೂತ್ರಪಿಂಡ ಕೆಡುತ್ತದೆ. ನಿಮ್ಮ ಕಾಂಪೌಂಡಿನ ದಾಸವಾಳದ ಎಲೆ ಹೂವು, ನುಗ್ಗೆ ಸೊಪ್ಪು, ಸಿಕ್ಕರೆ ಹಿಪ್ಪುನೇರಳೆ ಸೊಪ್ಪು ಹೆಚ್ಚಿ ಹಾಕು. ಔಷಧ ಹೊಡೆದದ್ದು ಬೇಡ. ಪಾಲಕ್ ಅಪರೂಪಕ್ಕೆ ಸಾಕು, ಅದರ ಆಕ್ಸಲೇಟ್ ಕ್ಯಾಲ್ಸಿಯಂ ಅನ್ನು ಕಟ್ಟಿಹಾಕುತ್ತದೆ.

ಇಷ್ಟೆಲ್ಲ ಮಾಡಿಯೂ ವಾರದಲ್ಲಿ ಏನೂ ಕಾಣದಿದ್ದಾಗ ನಿನಗೆ ತಳಮಳವಾಗುತ್ತದೆ, ಕ್ಯಾಲ್ಸಿಯಂ ಇಂಜೆಕ್ಷನ್ ಹಾಕಿಸಿಬಿಡೋಣವೇ ಎನ್ನುತ್ತೀಯ. ಕರು ಹಾಕಿ ಹಾಲುಜ್ವರ ಬಂದು ಕತ್ತು ಹೊರಳಿಸಿ ಮಲಗಿದ ಹಸುವಿನ ರಕ್ತನಾಳಕ್ಕೆ ಒಂದು ಬಾಟಲಿ ಕ್ಯಾಲ್ಸಿಯಂ ಇಳಿಸಿದರೆ, ನಾನು ಕೈ ತೊಳೆದು ಕಾಫಿ ಕುಡಿಯುವಷ್ಟರಲ್ಲಿ ಅದು ಎದ್ದು ನಿಂತಿದ್ದುಂಟು. ಆ ಹಸುವಿನ ಮೂಳೆ ಗಟ್ಟಿಯಾಗಿಯೇ ಇತ್ತು, ರಕ್ತದಲ್ಲಷ್ಟೇ ಕಡಿಮೆಯಾಗಿತ್ತು. ನಿನ್ನ ಇಗ್ವಾನಾದ್ದು ತಿಂಗಳುಗಟ್ಟಲೆ ಸವೆದ ಮೂಳೆ, ಗಟ್ಟಿಯಾಗಲೂ ತಿಂಗಳುಗಳೇ ಬೇಕು. ಬಾಗಿದ ಬೆನ್ನು ಬಾಗಿಯೇ ಉಳಿದೀತು. ಇಂಜೆಕ್ಷನ್ ಬೇಕೋ ಬೇಡವೋ ಅನ್ನುವುದನ್ನು ರಕ್ತ, ಎಕ್ಸ್‌ರೇ ನೋಡಿ ಹಲ್ಲಿ ಹಾವುಗಳನ್ನು ನೋಡುವ ಡಾಕ್ಟರೇ ಹೇಳಲಿ, ನನ್ನಂಥ ಹಸುವಿನ ಡಾಕ್ಟರಲ್ಲ. ಅವರು ಎಕ್ಸ್‌ರೇ ಹಿಡಿದು, ನೋವಿಲ್ಲದೆ ಮಲಗಿಸುವುದೇ ಸರಿ ಎಂದರೆ ಆ ಮಾತನ್ನೂ ಕೇಳು. ಎರಡನೆಯವರನ್ನು ಬೇಕಾದರೆ ವಿಚಾರಿಸು, ಐದನೆಯವರನ್ನು ಹುಡುಕಿಕೊಂಡು ಹೋಗಬೇಡ.

ಬದುಕಿದರೆ ಲೆಕ್ಕ ಬೇರೆಯೇ. ಅಂಗಡಿಯಲ್ಲಿ ಗೇಣುದ್ದ ಇರುವುದು ಬಾಲ ಸೇರಿ ಐದಡಿ ದಾಟುತ್ತದೆ, ಚೆನ್ನಾಗಿ ನೋಡಿಕೊಂಡರೆ ಹದಿನೈದು ಇಪ್ಪತ್ತು ವರ್ಷ ಬಾಳುತ್ತದೆ. ಕೆಲಸ ಬದಲಾಯಿಸುತ್ತೀಯ, ಮದುವೆಯಾಗುತ್ತೀಯ, ಬಾಡಿಗೆ ಮನೆಯ ಓನರು ಒಂದು ದಿನ ಬಾಗಿಲು ತಟ್ಟುತ್ತಾರೆ. ಆಗ 'ಸ್ವತಂತ್ರವಾಗಿರಲಿ' ಎಂದು ಕೆರೆ ದಂಡೆಯಲ್ಲಿ ಬಿಡುವ ಯೋಚನೆ ಬಂದೀತು. ಫ್ಲೋರಿಡಾದಲ್ಲಿ ಹಾಗೆ ಬಿಟ್ಟವು, ತಪ್ಪಿಸಿಕೊಂಡವು ಬೆಳೆದು ಹಬ್ಬಿ, ಕಾಲುವೆ ದಂಡೆಗಳನ್ನೆಲ್ಲ ತೋಡಿ ಹಾಕಿವೆ. 2020ರ ಜನವರಿಯ ಚಳಿಗೆ ಮರಗಿಡಗಳಿಂದ ಇಗ್ವಾನಾ ಬಿದ್ದೀತು, ಹುಷಾರು ಎಂದು ಮಯಾಮಿಯ ಹವಾಮಾನ ಕಚೇರಿಯವರೇ ಜನರಿಗೆ ಹೇಳಬೇಕಾಯಿತು. ನಿನ್ನ ನಂತರ ನೋಡಿಕೊಳ್ಳಲು ಒಬ್ಬರನ್ನು ಈಗಲೇ ಒಪ್ಪಿಸಿಟ್ಟುಕೋ. ಒಪ್ಪುವವರು ಸಿಗದಿದ್ದರೆ ತರುವುದನ್ನೇ ಮುಂದೂಡು. ಮೊದಲನೆಯದು ಚೇತರಿಸಿಕೊಂಡಿತೆಂದು ಎರಡನೆಯದು, ಮೂರನೆಯದು ತಂದು ಮನೆಯನ್ನೇ ಆ ಅಂಗಡಿ ಮಾಡಿಕೊಂಡವರನ್ನೂ ನಾನು ನೋಡಿದ್ದೇನೆ.

ಮುಟ್ಟಿದಾಗಲೆಲ್ಲ ಸೋಪು ಹಾಕಿ ಕೈ ತೊಳಿ, ಇವುಗಳಿಂದ ಸಾಲ್ಮೊನೆಲ್ಲಾ ತಗಲುತ್ತದೆ. ಅಡುಗೆಮನೆಗೆ ಬಿಡಬೇಡ. ಬಾಲ ಹಿಡಿದು ಎಳೆಯಬೇಡ, ಕಿತ್ತು ಕೈಗೆ ಬಂದೀತು. ಒಂದು ತಕ್ಕಡಿ ಕೊಂಡುಕೋ, ಅದು ಅದಕ್ಕೇ ಇರಲಿ, ಅಮ್ಮನ ಅಡುಗೆಯದನ್ನು ಎತ್ತಿಕೊಂಡು ಹೋಗಬೇಡ. ಪ್ರತಿ ಭಾನುವಾರ ತೂಗಿ, ತಿಂದಿದ್ದು, ಕಕ್ಕಸು ಮಾಡಿದ್ದು ಎಲ್ಲ ಬರೆದು ನನಗೆ ಕಳಿಸು. ಫೋಟೊ, ವಿಡಿಯೊ ಬೇಡ ಮಗಳೇ, ಗ್ರಾಂ ಲೆಕ್ಕ ಸಾಕು.