ಮಕ್ಕಳು ಮರಿಗಳೊಂದಿಗೆ ಪ್ರಯಾಣ: ಹೊರಡುವ ಮುನ್ನ ಒಂದಿಷ್ಟು ಸಿದ್ಧತೆ

ಬೇಸಿಗೆ ರಜೆ ಆರಂಭವಾದೊಡನೆ ನಂಜನಗೂಡು ಮತ್ತು ತಿರುಮಕೂಡಲು ನರಸೀಪುರದ ಬಸ್ ನಿಲ್ದಾಣಗಳಲ್ಲಿ ಒಂದೇ ಬಗೆಯ ದೃಶ್ಯ ಕಾಣುತ್ತದೆ. ತಾಯಿಯ ಕಂಕುಳಲ್ಲಿ ಕೂಸು, ಕೈಯಲ್ಲಿ ಚೀಲ, ಬುರ್ಖಾದ ಅಂಚು ಹಿಡಿದು ನಿಂತ ಇನ್ನೊಂದು ಮಗು. ಬಸ್ಸು ಬರುವುದು ಎಷ್ಟು ಹೊತ್ತಿಗೆ, ಊಟ ಎಲ್ಲಿ, ಝುಹರ್ ನಮಾಝ್ ಎಲ್ಲಿ, ತಲಪುವಾಗ ರಾತ್ರಿಯಾದರೆ ಗತಿಯೇನು ಎಂದು ಕೇಳಿದರೆ ಮನೆಯ ಯಜಮಾನರಿಂದ ಬರುವ ಉತ್ತರ ಒಂದೇ: “ಅಲ್ಲಾಹ್ ಇದ್ದಾನೆ, ನಡೆಯಿರಿ.”

ಅಲ್ಲಾಹನು ಇದ್ದಾನೆ ಎಂಬುದು ನಮ್ಮ ವಿಶ್ವಾಸದ ಬುನಾದಿ. ಆದರೆ ಈ ಮಾತು ಸೋಮಾರಿತನಕ್ಕೆ ಹೊದಿಸುವ ಹೊದಿಕೆಯಾಗಬಾರದು. ಒಂಟೆಯನ್ನು ಕಟ್ಟದೆ ಬಿಟ್ಟು ಅಲ್ಲಾಹನ ಮೇಲೆ ಭರವಸೆಯಿಡಲೇ ಎಂದು ಕೇಳಿದ ವ್ಯಕ್ತಿಗೆ ಪ್ರವಾದಿವರ್ಯರು(ಸ), ಮೊದಲು ಅದನ್ನು ಕಟ್ಟು, ಆಮೇಲೆ ಭರವಸೆಯಿಡು ಎಂದು ಹೇಳಿದ್ದನ್ನು ನಾವೆಲ್ಲರೂ ಬಲ್ಲೆವು. ಇತರರಿಗೆ ಈ ಹದೀಸನ್ನು ಹೇಳುವಾಗ ನಮಗಿರುವ ಉತ್ಸಾಹ, ನಮ್ಮ ಮಕ್ಕಳನ್ನು ಕರೆದುಕೊಂಡು ಹೊರಡುವಾಗಲೂ ಇರಬೇಕಲ್ಲವೇ?

ಹಿಜ್ರತ್ ಕಲಿಸುವ ಪಾಠ

ಇಸ್ಲಾಮಿನ ಇತಿಹಾಸದ ಅತಿ ಮುಖ್ಯ ಪ್ರಯಾಣ ಕ್ರಿ.ಶ. 622ರ ಹಿಜ್ರತ್. ಅಲ್ಲಾಹನ ಮೇಲೆ ಪ್ರವಾದಿವರ್ಯರಿಗಿಂತ(ಸ) ಹೆಚ್ಚಿನ ಭರವಸೆ ಯಾರಿಗಿದ್ದೀತು? ಆದರೂ ಆ ಪ್ರಯಾಣದ ಸಿದ್ಧತೆಯನ್ನು ಗಮನಿಸಿ. ಹಝ್ರತ್ ಅಬೂಬಕರ್(ರ) ಎರಡು ಒಂಟೆಗಳಿಗೆ ನಾಲ್ಕು ತಿಂಗಳು ಮೊದಲೇ ಮೇವುಣಿಸಿ ಸಿದ್ಧವಾಗಿಟ್ಟಿದ್ದರು. ಮಗಳು ಅಸ್ಮಾ(ರ) ಬುತ್ತಿ ಕಟ್ಟಿದರು. ಕಟ್ಟಲು ಹಗ್ಗವಿಲ್ಲದಾಗ ತಮ್ಮ ನಡುಪಟ್ಟಿಯನ್ನೇ ಹರಿದರು. ಮಗ ಅಬ್ದುಲ್ಲಾ(ರ) ರಾತ್ರಿ ಗುಹೆಯ ಬಳಿ ಬಂದು ಮಕ್ಕಾದ ಸುದ್ದಿ ಮುಟ್ಟಿಸಿ, ಬೆಳಗಾಗುವುದರೊಳಗೆ ಮರಳುತ್ತಿದ್ದರು. ಆಮಿರ್ ಬಿನ್ ಫುಹೈರಾ(ರ) ಕುರಿಗಳನ್ನು ಅತ್ತ ಹೊಡೆದುಕೊಂಡು ಹೋಗಿ ಹಾಲು ಒದಗಿಸಿದರು. ಮದೀನಾ ಇರುವುದು ಮಕ್ಕಾದ ಉತ್ತರಕ್ಕೆ, ಆದರೆ ಅವರು ಮೂರು ರಾತ್ರಿ ಆಶ್ರಯ ಪಡೆದ ಸೌರ್ ಗುಹೆ ಇರುವುದು ದಕ್ಷಿಣಕ್ಕೆ. ದಾರಿ ತೋರಿಸಲು ನೇಮಿಸಿಕೊಂಡ ವ್ಯಕ್ತಿ ಮುಸ್ಲಿಮನಲ್ಲ, ಆದರೆ ದಾರಿಯನ್ನು ಚೆನ್ನಾಗಿ ಬಲ್ಲ ನಂಬಿಗಸ್ಥ. ಜನರು ಇಟ್ಟಿದ್ದ ಅಮಾನತ್ತುಗಳನ್ನು ಹಿಂದಿರುಗಿಸುವ ಹೊಣೆ ಹಝ್ರತ್ ಅಲಿ(ರ)ಯವರದಾಗಿತ್ತು.

ವಾಹನ, ಆಹಾರ, ಸುದ್ದಿ, ದಾರಿ, ತಂಗುದಾಣ, ಮನೆಯ ಹೊಣೆ, ಇವುಗಳಲ್ಲಿ ಒಂದನ್ನಾದರೂ ಮರೆತಿದ್ದಾರೆಯೇ? ಇಡೀ ಕುಟುಂಬವೇ ಒಂದೊಂದು ಕೆಲಸ ಹಂಚಿಕೊಂಡಿತ್ತು. ಆ ಬಳಿಕ, ಶತ್ರುಗಳು ಗುಹೆಯ ಬಾಯಿಗೇ ಬಂದು ನಿಂತಾಗ, ಅಲ್ಲಾಹನು ನಮ್ಮೊಂದಿಗಿದ್ದಾನೆ ಎಂಬ ಸಾಂತ್ವನದ ಮಾತು ಬಂತು. ಮಾಡಬೇಕಾದುದನ್ನೆಲ್ಲ ಮಾಡಿ ಮುಗಿಸಿದವರ ತವಕ್ಕುಲ್ ಅದು.

ಒಬ್ಬ ಅಮೀರ್, ಎಲ್ಲರಿಗೂ ಕೆಲಸ

ಮೂವರು ಪ್ರಯಾಣ ಹೊರಟರೆ ಒಬ್ಬರನ್ನು ಅಮೀರ್ ಆಗಿ ಆರಿಸಿಕೊಳ್ಳಬೇಕೆಂದು ಪ್ರವಾದಿವರ್ಯರು(ಸ) ಕಲಿಸಿದ್ದಾರೆ. ಕುಟುಂಬದ ಪ್ರಯಾಣದಲ್ಲಿ ತಂದೆಯೇ ಅಮೀರ್ ಆಗುವುದು ರೂಢಿ. ಆದರೆ ಅಮೀರ್ ಎಂದರೆ ಮುಂದಿನ ಆಸನದಲ್ಲಿ ಕುಳಿತು ಅಪ್ಪಣೆ ಕೊಡುವವನಲ್ಲ. ಹಿಂದಿನ ಆಸನದಲ್ಲಿರುವ ಪತ್ನಿಗೆ, ವೃದ್ಧ ತಾಯಿಗೆ, ಮಕ್ಕಳಿಗೆ ಏನು ಬೇಕೆಂದು ತಿಳಿದು ನಡೆಯುವವನು. ಪ್ರತಿಯೊಬ್ಬ ಮೇಲ್ವಿಚಾರಕನೂ ತನ್ನ ಅಧೀನದಲ್ಲಿರುವವರ ಕುರಿತು ವಿಚಾರಿಸಲ್ಪಡುವನು ಎಂಬ ಹದೀಸ್ ರಸ್ತೆಯ ಮೇಲೂ ಅನ್ವಯಿಸುತ್ತದೆ.

ಹೊರಡುವ ಹಿಂದಿನ ದಿನ ಮನೆಯವರೆಲ್ಲ ಹತ್ತು ನಿಮಿಷ ಕುಳಿತು ಮಾತಾಡಿ. ಹತ್ತು ವರ್ಷದ ಮಗನಿಗೆ ನೀರಿನ ಬಾಟಲಿಗಳ ಹೊಣೆ, ಮಗಳಿಗೆ ಚೀಲಗಳನ್ನು ಎಣಿಸುವ ಹೊಣೆ ಕೊಡಿ. ಚಿಕ್ಕ ಮಗುವಿನ ಜೇಬಿನಲ್ಲಿ ತಂದೆಯ ಹೆಸರು, ಊರು ಮತ್ತು ಫೋನ್ ಸಂಖ್ಯೆ ಬರೆದ ಚೀಟಿ ಇರಲಿ. ಕಳೆದುಹೋದರೆ ನಿಂತ ಜಾಗದಿಂದ ಕದಲದೆ, ಪೊಲೀಸರನ್ನೋ ಬಸ್ಸಿನ ನಿರ್ವಾಹಕರನ್ನೋ ಕೇಳಬೇಕೆಂದು ಮೊದಲೇ ಕಲಿಸಿ. ಮಹಿಳೆಯರ ದೂರ ಪ್ರಯಾಣಕ್ಕೆ ಮಹ್ರಮ್ ಯಾರು ಹೋಗಬೇಕು, ಅವರಿಗೆ ಯಾವ ದಿನ ಬಿಡುವು ಎಂಬುದನ್ನು ಕೊನೆಯ ಗಳಿಗೆಗೆ ಬಿಡದೆ ಆಗಲೇ ಗೊತ್ತುಮಾಡಿ. ಕರ್ನಾಟಕದಲ್ಲಿ 2023ರ ಜೂನ್ 11ರಿಂದ ಶಕ್ತಿ ಯೋಜನೆಯಡಿ ಮಹಿಳೆಯರಿಗೆ ಸರಕಾರಿ ಸಾಮಾನ್ಯ ಬಸ್ಸುಗಳಲ್ಲಿ ಟಿಕೆಟ್ ಹಣವಿಲ್ಲ. ಅದಕ್ಕೆ ರಾಜ್ಯದ ವಿಳಾಸವಿರುವ ಗುರುತಿನ ಚೀಟಿ ಬೇಕು. ರೈಲಿನಲ್ಲಿ 5 ವರ್ಷದೊಳಗಿನ ಮಗುವಿಗೆ ಪ್ರತ್ಯೇಕ ಮಲಗುವ ಜಾಗ ಕೇಳದಿದ್ದರೆ ಟಿಕೆಟ್ ಬೇಡ. 5ರಿಂದ 12 ವರ್ಷದವರಿಗೆ ಪ್ರತ್ಯೇಕ ಜಾಗ ಬೇಕಾದರೆ ಪೂರ್ಣ ದರ. ಮಗುವಿನ ವಯಸ್ಸನ್ನು ಒಂದೆರಡು ವರ್ಷ ಕಡಿಮೆ ಹೇಳಿ ಹಣ ಉಳಿಸುವವರು, ಆ ಮಗುವಿಗೆ ಅದೇ ದಿನ ಸುಳ್ಳು ಹೇಳುವುದನ್ನೂ ಕಲಿಸುತ್ತಿದ್ದಾರೆ ಎಂಬುದನ್ನು ಮರೆಯಬಾರದು.

ದಾರಿ ಮತ್ತು ಸಮಯ

2023ರ ಮೇ 29ರಂದು ತಿ. ನರಸೀಪುರ ತಾಲ್ಲೂಕಿನ ಕುರುಬೂರು ಬಳಿ, ಕೊಳ್ಳೇಗಾಲದ ರಸ್ತೆಯಲ್ಲಿ ಕಾರು ಮತ್ತು ಖಾಸಗಿ ಬಸ್ಸು ಮುಖಾಮುಖಿ ಡಿಕ್ಕಿಯಾಗಿ, ಬಳ್ಳಾರಿ ಕಡೆಯಿಂದ ಪ್ರವಾಸ ಬಂದಿದ್ದ ಮಕ್ಕಳೂ ಸೇರಿ 10 ಮಂದಿ ಪ್ರಾಣ ಕಳೆದುಕೊಂಡರು. ತಪ್ಪು ಯಾರದೆಂದು ತೀರ್ಪು ಹೇಳುವುದು ನಮ್ಮ ಕೆಲಸವಲ್ಲ. ಅದೇ ರಸ್ತೆಯಲ್ಲಿ ಓಡಾಡುವ ನಾವು ನಮ್ಮನ್ನು ಕೇಳಿಕೊಳ್ಳಬೇಕಾದ ಪ್ರಶ್ನೆಗಳಿವೆ. ಐದು ಜನರ ವಾಹನದಲ್ಲಿ ಒಂಬತ್ತು ಜನ ಕುಳಿತಿದ್ದೇವೆಯೇ? ಚಾಲಕ ರಾತ್ರಿ ನಿದ್ದೆ ಮಾಡಿದ್ದಾನೆಯೇ? ಹಿಂದೆ ಕುಳಿತವರೂ ಬೆಲ್ಟ್ ಹಾಕಿದ್ದಾರೆಯೇ? ಎರಡು ಘಂಟೆಗೊಮ್ಮೆಯಾದರೂ ನಿಲ್ಲಿಸುತ್ತೇವೆಯೇ?

ಸ್ತ್ರೀಯರಿದ್ದ ಒಂಟೆಗಳನ್ನು ಹಾಡುತ್ತಾ ವೇಗವಾಗಿ ಓಡಿಸುತ್ತಿದ್ದ ಅಂಜಶಾ(ರ) ಎಂಬವರಿಗೆ ಪ್ರವಾದಿವರ್ಯರು(ಸ), ಅವರನ್ನು ಗಾಜಿನ ಪಾತ್ರೆಗಳಿಗೆ ಹೋಲಿಸಿ, ನಿಧಾನವಾಗಿ ಸಾಗಲು ಹೇಳಿದರು. ಬುಖಾರಿ, ಮುಸ್ಲಿಮ್ ಎರಡರಲ್ಲೂ ಇರುವ ಈ ಹದೀಸ್ ಪ್ರತಿಯೊಬ್ಬ ಚಾಲಕನ ಕಣ್ಣೆದುರು ಇರಬೇಕು. ವಾಹನದೊಳಗೆ ಗಾಜಿನ ಪಾತ್ರೆಗಳಿವೆ.

ದ್ವಿಚಕ್ರ ವಾಹನದಲ್ಲಿ ಗಂಡ, ಹೆಂಡತಿ, ಇಬ್ಬರು ಮಕ್ಕಳು ಮೈಸೂರಿಗೆ ಹೋಗಿಬರುವುದು ನಮ್ಮಲ್ಲಿ ದಿನನಿತ್ಯದ ನೋಟ. 2023ರಿಂದ ಜಾರಿಯಲ್ಲಿರುವ ನಿಯಮದ ಪ್ರಕಾರ 4 ವರ್ಷದೊಳಗಿನ ಮಗುವನ್ನು ಸವಾರನಿಗೆ ಬಿಗಿಯುವ ಸುರಕ್ಷಾ ಪಟ್ಟಿ ಇರಬೇಕು, 9 ತಿಂಗಳು ಮೀರಿದ ಮಗುವಿಗೆ ಅದರ ತಲೆಯ ಅಳತೆಯ ಹೆಲ್ಮೆಟ್ ಇರಬೇಕು, ವೇಗ ಘಂಟೆಗೆ 40 ಕಿ.ಮೀ. ಮೀರಬಾರದು. ಹದಿನೆಂಟು ತುಂಬದ ಮಗನ ಕೈಗೆ ವಾಹನ ಕೊಟ್ಟರೆ ಹೆತ್ತವರಿಗೇ 3 ವರ್ಷದವರೆಗೆ ಸಜೆ ಮತ್ತು 25,000 ರೂಪಾಯಿ ದಂಡ ವಿಧಿಸಲು 2019ರ ತಿದ್ದುಪಡಿ ಅವಕಾಶ ಕೊಟ್ಟಿದೆ. ಪ್ರೀತಿಯ ಹೆಸರಿನಲ್ಲಿ ಕೊಡುವ ಕೀಲಿಕೈ ಪ್ರೀತಿಯಲ್ಲ.

ವಯನಾಡು, ಕೋಝಿಕ್ಕೋಡ್ ಅಥವಾ ಊಟಿಗೆ ಹೊರಡುವವರು ಸಾಮಾನ್ಯವಾಗಿ ಗುಂಡ್ಲುಪೇಟೆ ದಾಟಿ ಬಂಡೀಪುರದ ಕಾಡಿನ ಮೂಲಕ ಹೋಗುತ್ತಾರೆ. ಅಲ್ಲಿ 2009ರಿಂದ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ವಾಹನ ಸಂಚಾರಕ್ಕೆ ನಿಷೇಧವಿದೆ. ಕೆಲವೇ ನಿಗದಿತ ಬಸ್ಸುಗಳಿಗೂ ತುರ್ತು ವಾಹನಗಳಿಗೂ ಮಾತ್ರ ವಿನಾಯಿತಿ. ಮಗ್ರಿಬ್ ಬಳಿಕ ನಿಧಾನವಾಗಿ ಹೊರಟು, ಗೇಟು ಮುಚ್ಚಿದ ಮೇಲೆ ಹಸಿದ ಮಕ್ಕಳೊಂದಿಗೆ ಬೆಳಗಿನವರೆಗೆ ರಸ್ತೆಯಲ್ಲಿ ಕೂರುವ ಕುಟುಂಬದ ಪಾಡು ಬೇಡ. ಸುಲ್ತಾನ್ ಬತ್ತೇರಿಯಿಂದ ಮರಳುವವರು ಅಸ್ರ್ ನಮಾಝ್ ಮುಗಿಸಿ ಹೊರಟರೆ ತೊಂದರೆಯಿಲ್ಲ. ರಾತ್ರಿ ತಂಗುವಾಗ ದಾರಿಯ ಮೇಲೆ ಬೀಡುಬಿಡಬೇಡಿ, ಅದು ರಾತ್ರಿಯಲ್ಲಿ ಪ್ರಾಣಿಗಳು ಓಡಾಡುವ ಜಾಗ ಎಂದು ಪ್ರವಾದಿವರ್ಯರು(ಸ) ಹದಿನಾಲ್ಕು ಶತಮಾನಗಳ ಹಿಂದೆಯೇ ತಿಳಿಸಿದ್ದಾರೆ. ಕಾಡಿನ ರಸ್ತೆಯಲ್ಲಿ ಇಳಿಯುವುದು, ಮಂಗಗಳಿಗೆ ತಿಂಡಿ ಎಸೆಯುವುದು, ಆನೆಯ ಮುಂದೆ ಫೋಟೋ ತೆಗೆಯುವುದು ಬೇಡ. ಆ ರಾತ್ರಿಗಳು ಅವುಗಳ ಪಾಲು.

ಊಟಿಗೆ ಹೋಗುವ ಹೊರಗಿನ ವಾಹನಗಳಿಗೆ 2024ರ ಮೇ 7ರಿಂದ ಇ-ಪಾಸ್ ನಿಯಮ ಬಂದಿದೆ. ಮಳೆಗಾಲದಲ್ಲಿ ಹವಾಮಾನ ಇಲಾಖೆಯ ಎಚ್ಚರಿಕೆ ಇರುವಾಗ ಗುಡ್ಡಗಾಡಿನ ಪ್ರವಾಸ ಮುಂದೂಡಿ. 2024ರ ಜುಲೈ 30ರಂದು ವಯನಾಡಿನ ಮುಂಡಕೈ, ಚೂರಲ್‌ಮಲೆಯಲ್ಲಿ ಮಲಗಿದ್ದವರ ಮೇಲೆಯೇ ಗುಡ್ಡ ಕುಸಿದುದನ್ನು ಯಾರು ಮರೆತಾರು? ನಂಜನಗೂಡಿನ ದೊಡ್ಡ ಜಾತ್ರೆ ಮತ್ತು ಮೂರು ವರ್ಷಕ್ಕೊಮ್ಮೆ ತಿ. ನರಸೀಪುರದ ಸಂಗಮದಲ್ಲಿ ನಡೆಯುವ ಕುಂಭಮೇಳದ ದಿನಗಳನ್ನೂ ಮೊದಲೇ ತಿಳಿದುಕೊಳ್ಳಿ. ಆ ದಿನಗಳಲ್ಲಿ ಬಸ್ಸು ತಡವಾದರೆ ಗೊಣಗುವುದು ಬೇಡ. ಹೊರಗಿನಿಂದ ಬಂದವರು ದಾರಿ ಕೇಳಿದರೆ ತೋರಿಸಿ, ನೀರು ಕೇಳಿದರೆ ಕೊಡಿ. ಪ್ರಯಾಣಿಕನಿಗೆ ನಮ್ಮ ಮೇಲೆ ಹಕ್ಕಿದೆ.

ಚೀಲದಲ್ಲಿ ಏನಿರಬೇಕು?

ಕುದಿಸಿ ಆರಿಸಿದ ನೀರು, ಒಣ ತಿಂಡಿ, ಬಾಳೆಹಣ್ಣು. ವಾಂತಿ ಮಾಡುವ ಮಕ್ಕಳಿಗೆ ಹೊರಡುವ ಮುನ್ನ ಹೊಟ್ಟೆ ಬಿರಿಯುವಂತೆ ತಿನ್ನಿಸಬೇಡಿ, ಮುಂದಿನ ಸೀಟಿನಲ್ಲಿ ಗಾಳಿ ಬರುವಂತೆ ಕೂರಿಸಿ. ಮಸಿನಗುಡಿಯಿಂದ ಊಟಿಗೆ ಏರುವ ಕಲ್ಲಟ್ಟಿ ಘಾಟಿಯಲ್ಲಿ 36 ಕಡಿದಾದ ತಿರುವುಗಳಿವೆ. ಓ.ಆರ್.ಎಸ್. ಪೊಟ್ಟಣ, ಜ್ವರದ ಔಷಧಿ, ಹಿರಿಯರ ರಕ್ತದೊತ್ತಡ ಮತ್ತು ಸಕ್ಕರೆ ಕಾಯಿಲೆಯ ಮಾತ್ರೆಗಳು ಎರಡು ದಿನಕ್ಕೆ ಹೆಚ್ಚಾಗಿಯೇ ಇರಲಿ. ಮಾತ್ರೆಯ ಚೀಟಿಯೂ ಜೊತೆಗಿರಲಿ. ಆಂಬುಲೆನ್ಸಿಗೆ 108, ತುರ್ತು ನೆರವಿಗೆ 112, ರಾಷ್ಟ್ರೀಯ ಹೆದ್ದಾರಿಯಲ್ಲಿ 1033 ಎಂಬ ಸಂಖ್ಯೆಗಳನ್ನು ಮನೆಯ ಮಹಿಳೆಯರೂ ಮಕ್ಕಳೂ ಬಾಯಿಪಾಠ ಮಾಡಲಿ. ಒಂದು ಮುಸಲ್ಲಾ, ಒಂದು ಚೊಂಬು ಚೀಲದ ಮೇಲ್ಭಾಗದಲ್ಲಿರಲಿ. ತಳದಲ್ಲಿಟ್ಟರೆ ನಮಾಝ್ ತಪ್ಪಲು ಅದೇ ನೆಪವಾಗುತ್ತದೆ.

ಪ್ರಯಾಣದಲ್ಲಿ ನಮಾಝ್

ಬಹಳ ಮಂದಿ ಬೇಕಾದಷ್ಟು ಸಿದ್ಧತೆ ಮಾಡಿಕೊಂಡು ನಮಾಝನ್ನು ಮಾತ್ರ ಮರೆಯುತ್ತಾರೆ. ಅಲ್ಲಾಹನು ಸೂರಾ ಅನ್ನಿಸಾದ 101ನೆಯ ಸೂಕ್ತದಲ್ಲಿ ಪ್ರಯಾಣಿಕನಿಗೆ ನಮಾಝ್ ಸಂಕ್ಷಿಪ್ತಗೊಳಿಸಲು ಅನುಮತಿಯಿತ್ತಿದ್ದಾನೆ. ಇದನ್ನು ‘ಕಸ್ರ್’ ಎನ್ನುತ್ತಾರೆ. ಹನಫಿ ವಿದ್ವಾಂಸರ ಲೆಕ್ಕದಲ್ಲಿ ಊರಿನಿಂದ 48 ಮೈಲಿ, ಅಂದರೆ ಸುಮಾರು 77 ಕಿ.ಮೀ. ಅಥವಾ ಹೆಚ್ಚಿನ ದೂರಕ್ಕೆ ಹೊರಟವನು ಮುಸಾಫಿರ್. ಶಾಫಿಈ ವಿದ್ವಾಂಸರ ಲೆಕ್ಕ ಇದಕ್ಕಿಂತ ತುಸು ಹೆಚ್ಚು. ಆದ್ದರಿಂದ ನಂಜನಗೂಡಿನಿಂದಲೋ ತಿ. ನರಸೀಪುರದಿಂದಲೋ ಮೈಸೂರಿಗೆ ಹೋದವನಿಗೆ ಕಸ್ರ್ ಇಲ್ಲ, ಬೆಂಗಳೂರಿಗೋ ಊಟಿಗೋ ಹೊರಟವನಿಗೆ ಊರಿನ ಎಲ್ಲೆ ದಾಟಿದ ಕೂಡಲೇ ಇದೆ.

ಝುಹರ್, ಅಸ್ರ್, ಇಶಾ ನಮಾಝ್‌ಗಳ ನಾಲ್ಕು ರಕಅತ್ ಎರಡಾಗುತ್ತದೆ. ಫಜ್ರ್‌ನ ಎರಡು, ಮಗ್ರಿಬ್‌ನ ಮೂರು ಹಾಗೆಯೇ ಉಳಿಯುತ್ತವೆ. ಊರಿನವರಾದ ಇಮಾಮರ ಹಿಂದೆ ನಿಂತರೆ ಪೂರ್ತಿಯಾಗಿಯೇ ಮಾಡಬೇಕು. ಒಂದೇ ಊರಿನಲ್ಲಿ 15 ದಿನ ಅಥವಾ ಹೆಚ್ಚು ತಂಗುವ ಸಂಕಲ್ಪ ಮಾಡಿದರೆ ಹನಫಿ ಮಝ್‌ಹಬ್‌ನಲ್ಲಿ ಕಸ್ರ್ ನಿಲ್ಲುತ್ತದೆ. ಶಾಫಿಈಯಲ್ಲಿ ಬರುವ, ಹೋಗುವ ದಿನಗಳನ್ನು ಬಿಟ್ಟು 4 ದಿನ. ಎರಡು ನಮಾಝ್‌ಗಳನ್ನು ಒಂದೇ ವೇಳೆಯಲ್ಲಿ ಸೇರಿಸಿ ಮಾಡಲು ಶಾಫಿಈ ಮಝ್‌ಹಬ್‌ನಲ್ಲಿ ಅವಕಾಶವಿದೆ. ಹನಫಿಗಳಿಗೆ ಅದು ಹಜ್ಜ್ ವೇಳೆ ಅರಫಾ ಮತ್ತು ಮುಝ್ದಲಿಫಾದಲ್ಲಿ ಮಾತ್ರ. ಆದರೆ ಝುಹರನ್ನು ಅದರ ಕೊನೆಯ ವೇಳೆಗೂ ಅಸ್ರನ್ನು ಅದರ ಮೊದಲ ವೇಳೆಗೂ ಇಟ್ಟುಕೊಂಡರೆ ಒಂದೇ ನಿಲುಗಡೆಯಲ್ಲಿ ಎರಡೂ ಮುಗಿಯುತ್ತವೆ. ಹೊರಡುವ ಸಮಯವನ್ನೇ ಈ ಲೆಕ್ಕದಿಂದ ಗೊತ್ತುಮಾಡಿ. ನಮ್ಮ ಭಾಗದಲ್ಲಿ ಕಿಬ್ಲಾ ನೇರ ಪಶ್ಚಿಮವಲ್ಲ, ಪಶ್ಚಿಮದಿಂದ ಸ್ವಲ್ಪ ಉತ್ತರಕ್ಕೆ ಎಂಬುದನ್ನೂ ಮಕ್ಕಳಿಗೆ ತೋರಿಸಿಕೊಡಿ. ಪ್ರಯಾಣದಲ್ಲಿ ತಂದೆ ತಾಯಿ ನಮಾಝ್‌ಗಾಗಿ ವಾಹನ ನಿಲ್ಲಿಸಿದ್ದನ್ನು ಕಂಡ ಮಗು ಅದನ್ನು ಎಂದೂ ಮರೆಯದು.

ನದಿಯ ದಡದಲ್ಲಿ

ದೂರ ಹೋಗದೆ ಸೋಮನಾಥಪುರ, ತಲಕಾಡು, ಸಂಗಮದ ಕಡೆ ಒಂದು ದಿನ ಕಳೆದು ಬರುವ ಕುಟುಂಬಗಳೂ ಇವೆ. ಇಲ್ಲಿ ಎಚ್ಚರಿಕೆ ಇನ್ನೂ ಹೆಚ್ಚಿರಬೇಕು. ತಲಕಾಡಿನ ಮರಳ ದಂಡೆ ಕಣ್ಣಿಗೆ ತಂಪು, ಆದರೆ ಮೊಣಕಾಲುದ್ದದ ನೀರಿನ ಪಕ್ಕದಲ್ಲೇ ಆಳದ ಮಡುವಿರಬಹುದು. ಕಪಿಲೆಗೆ ಕಬಿನಿ ಜಲಾಶಯದಿಂದಲೂ ಕಾವೇರಿಗೆ ಕನ್ನಂಬಾಡಿಯಿಂದಲೂ ನೀರು ಬಿಟ್ಟಾಗ, ಇಲ್ಲಿ ಒಂದು ಹನಿ ಮಳೆ ಇಲ್ಲದಿದ್ದರೂ ಹೊಳೆ ಏರುತ್ತದೆ. 2019ರ ಆಗಸ್ಟ್‌ನಲ್ಲಿ ಕಪಿಲೆ ಉಕ್ಕಿ ಮೈಸೂರು-ನಂಜನಗೂಡು ಹೆದ್ದಾರಿಯನ್ನೇ ಮುಚ್ಚಿತ್ತು. ಸ್ವತಃ ಕೈಯಾರೆ ನಾಶಕ್ಕೆ ಬೀಳಬಾರದೆಂಬುದು ಕುರ್‌ಆನಿನ ಆದೇಶ (2:195). ಈಜು ಬಾರದ ಮಕ್ಕಳನ್ನು ನೀರಿಗಿಳಿಸಿ ದಡದಲ್ಲಿ ಹರಟೆ ಹೊಡೆಯುವುದು ಈ ಆದೇಶದ ಉಲ್ಲಂಘನೆ.

ನೆಂಟರ ಮನೆಯಲ್ಲಿ

ಅತಿಥಿ ಸತ್ಕಾರ ಮೂರು ದಿನ, ಅನಂತರದ್ದು ಸದಕಾ ಎಂದು ಹದೀಸ್ ಕಲಿಸುತ್ತದೆ. ಆತಿಥೇಯನಿಗೆ ಹೊರೆಯಾಗುವವರೆಗೆ ತಂಗುವುದು ಅತಿಥಿಗೆ ಸಲ್ಲದು. ಎಷ್ಟು ಜನ, ಯಾವ ದಿನ, ಎಷ್ಟು ದಿನ ಎಂದು ಮೊದಲೇ ಫೋನ್ ಮಾಡಿ ಕೇಳಿ. ಎರಡು ಕೋಣೆಯ ಮನೆಗೆ ಐದು ಮಕ್ಕಳೊಂದಿಗೆ ಹೇಳದೆ ಹೋದರೆ, ಸಾಲ ಮಾಡಿ ಬಿರಿಯಾನಿ ಬೇಯಿಸುವವರು ಅವರು. ಹಾಗೆಯೇ ಬಡ್ಡಿಗೆ ಸಾಲ ತಂದು ಪ್ರವಾಸ ಹೋಗುವುದೂ ಬೇಡ. ಹಣವಿಲ್ಲದ ವರ್ಷ ಮಕ್ಕಳನ್ನು ಹತ್ತಿರದ ತೋಟಕ್ಕೆ, ಅಜ್ಜಿಯ ಮನೆಗೆ ಕರೆದೊಯ್ದರೂ ಅವರ ಸಂತೋಷಕ್ಕೆ ಕೊರತೆಯಾಗದು.

ಹೊರಡುವಾಗ, ಮರಳುವಾಗ

ಅಡುಗೆ ಅನಿಲ ಮುಚ್ಚಿ, ನೆರೆಯವರಿಗೆ ತಿಳಿಸಿ, ಕೊಡಬೇಕಾದ ಸಾಲ ಮತ್ತು ಅಮಾನತ್ತುಗಳನ್ನು ಬರೆದಿಟ್ಟು ಹೊರಡಿ. ವಾಹನ ಹತ್ತಿದ ಮೇಲೆ ಸೂರಾ ಅಝ್ಝುಖ್ರುಫ್‌ನ 13, 14ನೆಯ ಸೂಕ್ತಗಳಲ್ಲಿರುವ ದುಆವನ್ನು ಮಕ್ಕಳಿಂದಲೇ ಹೇಳಿಸಿ. ಈ ವಾಹನವನ್ನು ನಮಗೆ ಅಧೀನಗೊಳಿಸಿದವನನ್ನು ಕೊಂಡಾಡಿ, ಕಡೆಗೆ ಮರಳುವುದು ಅವನೆಡೆಗೇ ಎಂದು ಅದರಲ್ಲಿ ನೆನೆಯುತ್ತೇವೆ. ಪ್ರಯಾಣವು ಊಟ, ನಿದ್ದೆಗಳನ್ನು ಕೆಡಿಸುವ ಒಂದು ಕಷ್ಟ, ಆದ್ದರಿಂದ ಕೆಲಸ ಮುಗಿದೊಡನೆ ಮನೆಗೆ ಮರಳಬೇಕೆಂದು ಪ್ರವಾದಿವರ್ಯರು(ಸ) ಬೋಧಿಸಿದ್ದಾರೆ. ಮರಳಿದಾಗ ಅವರು ಮೊದಲು ಮಸೀದಿಗೆ ಹೋಗಿ ಎರಡು ರಕಅತ್ ನಮಾಝ್ ಮಾಡುತ್ತಿದ್ದರು.

ಪ್ರಿಯ ಓದುಗರೇ, ಪ್ರಯಾಣಿಕನ ದುಆ ಮತ್ತು ಮಕ್ಕಳಿಗಾಗಿ ತಂದೆ ಮಾಡುವ ದುಆ ಸ್ವೀಕೃತವಾಗುವ ದುಆಗಳ ಸಾಲಿನಲ್ಲಿವೆ. ಕುಟುಂಬದೊಂದಿಗೆ ಪ್ರಯಾಣಿಸುವ ತಂದೆಗೆ ಇವೆರಡೂ ಒಟ್ಟಿಗೇ ದೊರೆಯುತ್ತವೆ. ಮೊದಲು ಟಯರಿನ ಗಾಳಿ, ಮಗುವಿನ ಹೆಲ್ಮೆಟ್, ಗೇಟು ಮುಚ್ಚುವ ವೇಳೆ ಇವನ್ನೆಲ್ಲ ನೋಡಿಕೊಳ್ಳಿ. ಆಮೇಲೆ ಕೈಯೆತ್ತಿ ಬೇಡಿ. ಅಲ್ಲಾಹನು ನಮ್ಮೆಲ್ಲರ ಮಕ್ಕಳನ್ನು ಸುರಕ್ಷಿತವಾಗಿ ಮನೆಗೆ ಮರಳಿಸಲಿ, ಆಮೀನ್.